ನಿತ್ಯದ ಸಾಲಿನ ದೀಪ

ಮಾರ್ಚ್ ೩, ಸೋಮವಾರ

ಮಧ್ಯಾಹ್ನ ಎರಡು ಹೊಡೆಯುತ್ತಲೇ ವಿದ್ಯುತ್ತು ನಿಂತಿತು. ಬೀದಿಯ ನೆಲದಡಿಯಲ್ಲಿರುವ ಹಳೆಯ ತಂತಿಗಳನ್ನೆಲ್ಲ ಕಿತ್ತು ಹೊಸದನ್ನು ಹೂಳುವರಂತೆ. ಈ ತಿಂಗಳು ಮುಗಿಯುವವರೆಗೆ, ಭಾನುವಾರವೊಂದನ್ನುಳಿದು, ದಿನವೂ ಎರಡರಿಂದ ಆರರವರೆಗೆ ವಿದ್ಯುತ್ತಿಲ್ಲವೆಂದು ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದಾರೆ. ಚೀಟಿಯಲ್ಲಿ ಮೂರು ಅಚ್ಚಿನ ತಪ್ಪುಗಳಿದ್ದವು. ನಲವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದ ಕೈ ಸುಮ್ಮನಿರದು. ಜೇಬಿನ ಕೆಂಪು ಪೆನ್ನು ತೆಗೆದು ಮೂರನ್ನೂ ತಿದ್ದಿ ಒಳಗೆ ಬಂದೆ.

ಮಗನ ಮನೆ ಎರಡು ಎತ್ತರದ ಕಟ್ಟಡಗಳ ನಡುವೆ ನೆಲಮಹಡಿಯಲ್ಲಿ ಸಿಕ್ಕಿಕೊಂಡಿದೆ. ನಡುಹಗಲಲ್ಲಿಯೂ ದೀಪವಿಲ್ಲದೆ ಅಕ್ಷರ ಕಾಣದು. ಕತ್ತಲು ಕವಿದ ಕ್ಷಣವೇ ಒಳಕೋಣೆಯಿಂದ ಸೊಸೆ ಕೂಗಿಕೊಂಡಳು: "ಅಯ್ಯೋ, ಹೋಯ್ತು! ಮಾವ, ನೆಟ್ ಹೋಯ್ತು! ಪಾಠ ಅರ್ಧದಲ್ಲಿದೆ!"

ಇಲ್ಲಿಗೆ ಬಂದು ಎಂಟು ತಿಂಗಳಾದರೂ ಸೊಸೆಯ ಕೆಲಸದ ಬಗೆಗೆ ನನಗೆ ತಿಳಿದಿದ್ದುದು ಮುಚ್ಚಿದ ಬಾಗಿಲಿನಾಚೆಯ ಟಕಟಕ ಸದ್ದು ಮಾತ್ರ. ಇಂದು ಕೇಳಿ ತಿಳಿದೆ. ಕಿವಿ ಕೇಳದ ವಿದ್ಯಾರ್ಥಿಗಳಿಗಾಗಿ, ದೂರದ ಕಾಲೇಜಿನಲ್ಲಿ ನಡೆಯುವ ಪಾಠವನ್ನು ಇಲ್ಲಿ ಕುಳಿತು ಆಲಿಸಿ, ಆಡಿದ ಮಾತನ್ನು ಆಡಿದಂತೆಯೇ ಟೈಪು ಮಾಡುವಳು. ಅಲ್ಲಿ ಅವರ ಪರದೆಯ ಮೇಲೆ ಅದು ಹರಿಯುವುದು. ಆಕೆ ತೋರಿಸಿದ ಶನಿವಾರದ ಪುಟದ ಮೇಲೆ ಕಣ್ಣಾಡಿಸಿದೆ. ಒಂದೇ ಪುಟದಲ್ಲಿ ಹದಿನಾಲ್ಕು ತಪ್ಪು!

"ಇಷ್ಟು ತಪ್ಪನ್ನು ಹಾಗೇ ಬಿಡ್ತೀರೇನಮ್ಮ?" ಎಂದೆ.

"ತಿದ್ದೋಕೆ ನಿಂತ್ರೆ ಮುಂದಿನ ಮಾತು ಹೋಗುತ್ತೆ ಮಾವ. ಅವರು ಕಾಯ್ತಿರ್ತಾರೆ" ಎಂದಳು.

ಈ ಉತ್ತರ ನನಗೆ ಸರಿಬೀಳಲಿಲ್ಲ.

ದೇವರ ಗೂಡಿನ ಕೆಂಪು ದೀಪವೂ ಆರಿತ್ತು. ನನ್ನಾಕೆ ಹೋದ ಮೇಲೆ ನಾಲ್ಕು ವರ್ಷಗಳಲ್ಲಿ ಅದು ಇಷ್ಟು ಹೊತ್ತು ಆರಿದ್ದಿಲ್ಲ. ಮೇಣದ ಬತ್ತಿ ಹಚ್ಚಿಟ್ಟು ಸಂಜೆಯ ಪ್ರಾರ್ಥನೆ ಮುಗಿಸಿದೆ. ಮನಸ್ಸು ನಿಲ್ಲಲಿಲ್ಲ.

ಮಾರ್ಚ್ ೪, ಮಂಗಳವಾರ

ಇಪ್ಪತ್ತನೆಯ ತಾರೀಖು ಒಬ್ಬ ವಿದ್ಯಾರ್ಥಿನಿಗೆ ಮೌಖಿಕ ಪರೀಕ್ಷೆಯಂತೆ. ಹಳೆಯ ಕಟ್ಟಡಗಳ ಕಲ್ಲಿನ ಮೇಲೆ ಬೆಳೆಯುವ ಕಲ್ಲುಹೂವಿನ ಬಗ್ಗೆ ಐದು ವರ್ಷ ದುಡಿದು ಪ್ರಬಂಧ ಬರೆದಿದ್ದಾಳೆ. ಹುಟ್ಟಿನಿಂದ ಕಿವಿ ಕೇಳದು. ಮೂರು ವರ್ಷಗಳಿಂದ ಅವಳ ಪಾಠಗಳನ್ನೆಲ್ಲ ಟೈಪು ಮಾಡಿದವಳು ನಮ್ಮ ಸೊಸೆ. ಪರೀಕ್ಷಕರ ಪ್ರಶ್ನೆಗಳನ್ನು ಈಕೆಯೇ ಬರೆಯಬೇಕೆಂದು ಅವಳ ಹಟ. ಆದರೆ ಸೊಸೆ ದುಡಿಯುವ ಸಂಸ್ಥೆಯ ಮೇಲ್ವಿಚಾರಕರು ಇಂದು ಫೋನಿನಲ್ಲಿ ಹೇಳಿಬಿಟ್ಟರು: ಈ ವಾರ ಮಧ್ಯಾಹ್ನದ ಪಾಠಗಳನ್ನು ಬೇರೆಯವರು ನೋಡಿಕೊಳ್ಳಲಿ; ಆಮೇಲೆ ಸಂಪರ್ಕ ಒಂದು ಸಲ ಕಡಿದರೂ ಆ ಪರೀಕ್ಷೆಯೂ ಬೇರೆಯವರಿಗೆ.

"ಪ್ರಶ್ನೆ ಅರ್ಧಕ್ಕೆ ನಿಂತ್ರೆ ಆ ಹುಡುಗಿ ಅಷ್ಟು ಜನದ ಮುಂದೆ ಏನು ಮಾಡ್ಬೇಕು, ಹೇಳಿ" ಎಂದಳು ಸೊಸೆ.

ಮೊಬೈಲಿನ ಇಂಟರ್ನೆಟ್ಟನ್ನು ನೆಚ್ಚುವಂತಿಲ್ಲ. ವಿದ್ಯುತ್ತು ಹೋದೊಡನೆ ಬಡಾವಣೆಯವರೆಲ್ಲ ಅದಕ್ಕೇ ಮುಗಿಬೀಳುವರು. ಬೇರೆಡೆ ಹೋಗಿ ಕೂರೋಣವೆಂದರೆ ಗದ್ದಲ. ಒಂದು ಮಾತು ಕೇಳದೆ ಹೋದರೆ ಒಂದು ವಾಕ್ಯವೇ ಹೋಯಿತು. ಆಸ್ಪತ್ರೆಯ ಪ್ರಯೋಗಾಲಯದಿಂದ ಮರಳಿದ ಮಗ, "ಬ್ಯಾಟರಿ, ಇನ್ವರ್ಟರ್ ತರೋಣ. ಆದ್ರೆ ಯಾವುದಕ್ಕೆ ಎಷ್ಟು ಕರೆಂಟು ಬೇಕು ಅಂತ ಲೆಕ್ಕ ಹಾಕೋರು ಯಾರು?" ಎಂದನು.

"ನಾನು" ಎಂದೆ.

ಇಬ್ಬರೂ ನನ್ನ ಮುಖ ನೋಡಿದರು. ನನಗೇ ಅಚ್ಚರಿಯಾಯಿತು!

ಮಾರ್ಚ್ ೬, ಗುರುವಾರ

ಎಂತಹ ವಿದ್ಯೆಯಿದು! ಎಂತಹ ಅಚ್ಚುಕಟ್ಟಾದ ಶಾಸ್ತ್ರ! ಪ್ರತಿಯೊಂದು ಯಂತ್ರದ ಬೆನ್ನಿನ ಮೇಲೆಯೂ ಅದರ ಹಸಿವು ಎಷ್ಟೆಂಬುದನ್ನು ಇರುವೆ ಗಾತ್ರದ ಅಕ್ಷರಗಳಲ್ಲಿ ಅಚ್ಚು ಮಾಡಿರುತ್ತಾರೆ. ಲೋಕದಲ್ಲಿ ಯಾರೂ ಓದದ ಇಂತಹ ಅಕ್ಷರಗಳನ್ನು ಓದುವುದಕ್ಕೆಂದೇ ಪರಮಾತ್ಮನು ಕರಡು ತಿದ್ದುವವರನ್ನು ಸೃಷ್ಟಿಸಿರಬೇಕು. ಭೂತಗನ್ನಡಿ ಹಿಡಿದು ಎರಡು ದಿನ ಮನೆಯ ಮೂಲೆಮೂಲೆಗಳಲ್ಲಿ ತೆವಳಿದೆ. ಮಂಡಿ ನೋಯುತ್ತಿದೆ, ಲೆಕ್ಕಿಸುವವರಾರು!

ಶಾಸ್ತ್ರಕಾರರು ಕರ್ಮಗಳನ್ನು ಮೂರಾಗಿ ವಿಂಗಡಿಸಿದ ಕ್ರಮವನ್ನೇ ಇಲ್ಲಿಯೂ ಅನುಸರಿಸಿದೆ. ಬಿಟ್ಟರೆ ದೋಷ ಬರುವುದು ನಿತ್ಯ; ಕಾರಣ ಒದಗಿದಾಗ ಮಾತ್ರ ಮಾಡತಕ್ಕದ್ದು ನೈಮಿತ್ತಿಕ; ಕೇವಲ ಬಯಕೆಯಿಂದ ಮಾಡುವುದು ಕಾಮ್ಯ. ಇಂಟರ್ನೆಟ್ಟಿನ ರೂಟರು ಹನ್ನೆರಡು ವ್ಯಾಟು, ಗಣಕ ಅರವತ್ತು, ಅದರ ಪರದೆ ಇಪ್ಪತ್ತೈದು, ಒಂಬತ್ತೊಂಬತ್ತರ ಬಲ್ಬು ಎರಡು: ಇವೆಲ್ಲ ನಿತ್ಯ. ಒಟ್ಟು ನೂರಹದಿನೈದು. ಫ್ಯಾನು ನೈಮಿತ್ತಿಕ.

ಮಗ ಪಟ್ಟಿಯ ಮೇಲೆ ಬಗ್ಗಿ ನೋಡಿ, "ಅಪ್ಪ, ಮಿಕ್ಸಿ ಕಾಮ್ಯನಾ?" ಎಂದನು.

"ಹೌದು."

"ನನ್ನ ಗಡ್ಡದ ಮಶೀನು?"

"ನಿನ್ನ ಮುಖ ನೋಡಿದ್ರೆ ನೈಮಿತ್ತಿಕ ಅನ್ಸುತ್ತೆ."

ಸೊಸೆ ನಕ್ಕಳು. ಆಕೆಯ ನಗು ಇಷ್ಟು ಜೋರೆಂಬುದು ನನಗೆ ತಿಳಿದಿರಲಿಲ್ಲ.

ಮಾರ್ಚ್ ೯, ಭಾನುವಾರ

ಬ್ಯಾಟರಿ ಬಂದಿದೆ. ಹೊತ್ತು ತಂದವನು ಈ ಬಡಾವಣೆಯ ಹಳೆಯ ಎಲೆಕ್ಟ್ರಿಷಿಯನ್. ಕೊರಳಲ್ಲಿ ಸದಾ ಅಳೆಯುವ ಮೀಟರು ನೇತಾಡುವುದರಿಂದ ಎಲ್ಲರೂ ಅವನನ್ನು ಮೀಟರಪ್ಪನೆಂದೇ ಕರೆಯುತ್ತಾರೆ. ಬಾಯಿ ಒಂದು ಗಳಿಗೆ ಸುಮ್ಮನಿರದು. ನನ್ನ ಪಟ್ಟಿಯನ್ನು ನೋಡಿ, "ಏನ್ ಯಜಮಾನ್ರೇ, ಕರೆಂಟಿಗೂ ಮಡಿ ಮೈಲಿಗೆ ಮಾಡ್ಬಿಟ್ರಲ್ಲ! ಆದ್ರೂ ಲೆಕ್ಕ ಚೆನ್ನಾಗಿದೆ. ನಮ್ಮ ಹುಡುಗ್ರಿಗೆ ಹೇಳ್ಕೊಡಿ ಸ್ವಲ್ಪ" ಎಂದನು. ನೂರು ಆಂಪಿಯರ್-ಗಂಟೆಯ ಬ್ಯಾಟರಿ. ಅರ್ಧಕ್ಕಿಂತ ಹೆಚ್ಚು ಹೀರಬಾರದು. ಇನ್ವರ್ಟರು ತಾನು ತಿನ್ನುವುದನ್ನೂ ಕಳೆದರೆ ನಾಲ್ಕು ಗಂಟೆಗೆ ಮೇಲೆ ಸ್ವಲ್ಪ ಉಳಿಯುವುದು. ಈ ಲೆಕ್ಕವನ್ನು ಮೂರು ಸಲ ತಾಳೆ ನೋಡಿದೆ.

ಪರೀಕ್ಷಾರ್ಥವಾಗಿ ಮುಖ್ಯ ಸ್ವಿಚ್ಚನ್ನು ಆರಿಸಿದೆವು. ಕ್ಷಣಮಾತ್ರವೂ ಮಿಣುಕದೆ ಬಲ್ಬುಗಳು ಉರಿದವು! ಗಣಕ ನಡೆಯುತ್ತಲೇ ಇತ್ತು! ರೂಟರಿನ ಹಸಿರು ಕಣ್ಣು ಪಿಳಿಪಿಳಿಸಿತು! ನಾನು ಚಪ್ಪಾಳೆ ತಟ್ಟಿದೆ.

"ಮಾವ, ನೆಟ್ ಇಲ್ಲ" ಎಂದಳು ಸೊಸೆ.

ಹಸಿರು ಕಣ್ಣು ಉರಿಯುತ್ತಿದ್ದರೂ ಇಂಟರ್ನೆಟ್ಟಿಲ್ಲ! ಮೀಟರಪ್ಪ ಮನೆಯೆಲ್ಲ ಸುತ್ತಿ, ಹೊರಬಾಗಿಲ ಬಳಿಯ ಚಪ್ಪಲಿಯ ಕಪಾಟು ತೆರೆದು, ಹಳೆಯ ಬೂಟುಗಳ ಹಿಂದಿನಿಂದ ಧೂಳು ಹಿಡಿದ ಬಿಳಿಯ ಡಬ್ಬಿಯೊಂದನ್ನು ತೋರಿಸಿದನು. ಬೀದಿಯಿಂದ ಬರುವ ಇಂಟರ್ನೆಟ್ಟಿನ ಗಾಜಿನ ತಂತಿ ಮೊದಲು ಸೇರುವುದು ಈ ಡಬ್ಬಿಯನ್ನು. ಇದು ಸತ್ತರೆ ರೂಟರು ಬದುಕಿ ಫಲವಿಲ್ಲ. ಇದಕ್ಕೆ ಬೇರೆಯದೇ ಪ್ಲಗ್ಗು.

"ನಲ್ಲಿ ತೊಳ್ದಿದೀರ ಯಜಮಾನ್ರೇ, ಮೇಲೆ ಟ್ಯಾಂಕಲ್ಲಿ ನೀರಿಲ್ಲ" ಎಂದು ನಕ್ಕನು.

ನಿತ್ಯದ ಸಾಲಿಗೆ ಇನ್ನೊಂದು ಹತ್ತು ಸೇರಿಸಿದೆ: ನೂರಿಪ್ಪತ್ತೈದು. ಪಟ್ಟಿಯನ್ನು ಶುದ್ಧಪ್ರತಿ ಮಾಡಿ ಬ್ಯಾಟರಿಯ ಪೆಟ್ಟಿಗೆಗೆ ಅಂಟಿಸಿದ್ದೇನೆ.

ಮಾರ್ಚ್ ೧೦, ಸೋಮವಾರ

ಎರಡರಿಂದ ಆರರವರೆಗೆ, ಪೂರ್ತಿ ನಾಲ್ಕು ಗಂಟೆ! ಬೀದಿಯ ಮನೆಗಳೊಳಗೆಲ್ಲ ಕತ್ತಲು, ನಮ್ಮ ಕಿಟಕಿಯಲ್ಲಿ ಮಾತ್ರ ಬೆಳಕು. ಒಂದಕ್ಷರವೂ ಕಡಿಯಲಿಲ್ಲ. ಆರು ಗಂಟೆಗೆ ಸೊಸೆ ಬಾಗಿಲು ತೆರೆದು ಎರಡೂ ಕೈ ಮೇಲೆತ್ತಿದಳು. ನಾನೂ ಎತ್ತಿದೆ. ಜಗದೀಶ್ವರನಿಗೆ ಜಯವಾಗಲಿ!

ಮಾರ್ಚ್ ೧೧, ಮಂಗಳವಾರ

ಇಂದು ಪಾಠ ನಾಲ್ಕಕ್ಕೇ ಮುಗಿಯಿತು. ಎಲ್ಲವೂ ಸುಸೂತ್ರ. ಮೀಟರಪ್ಪ ಬೀದಿಯಲ್ಲಿ ಎದುರಾಗಿ, "ನಿಮ್ಮ ಪಟ್ಟೀನ ಪಕ್ಕದ ಬೀದೀಲೂ ಕೇಳ್ತಿದಾರೆ ಯಜಮಾನ್ರೇ, ಒಂದು ಪ್ರತಿ ಕೊಡಿ" ಎಂದನು. ನಾಲ್ಕು ಪ್ರತಿ ಮಾಡಿಟ್ಟಿದ್ದೇನೆ.

ಮಧ್ಯಾಹ್ನ ಒಂದು ಚಿಕ್ಕ ಕೆಲಸ ಮಾಡಿದೆ. ಬ್ಯಾಟರಿಯ ಪ್ಲಗ್ಗಿನ ಹಲಗೆಯಲ್ಲಿ ಒಂದು ತೂತು ಖಾಲಿಯಿತ್ತು. ಕಪಾಟಿನ ಹಿಂದಿನಿಂದ ಒಂದು ತಂತಿ ಎಳೆದು ದೇವರ ಗೂಡಿನ ಕೆಂಪು ದೀಪವನ್ನು ಅದಕ್ಕೆ ಸೇರಿಸಿದೆ. ನನ್ನಾಕೆಯ ಕೈ ನಡುಗತೊಡಗಿ ಎಣ್ಣೆಯ ದೀಪ ಹಚ್ಚಲಾಗದಿದ್ದಾಗ ತಾನೇ ಆರಿಸಿ ತಂದ ದೀಪ ಅದು: ದಪ್ಪ ಕೆಂಪು ಗಾಜಿನ ಬುರುಡೆ, ಒಳಗೊಂದು ಬಲ್ಬು. ಬಲ್ಬುಗಳ ಪೆಟ್ಟಿಗೆಯೊಂದನ್ನೂ ತಂದಿಟ್ಟಿದ್ದಳು. ಇನ್ನೂ ಐದು ಉಳಿದಿವೆ. ಗಾಜಿನೊಳಗಿನಿಂದ ಬರುವ ಬೆಳಕು ಕೆಂಡದ ಕಿಡಿಯಷ್ಟೇ. ಅದೆಷ್ಟು ತಿಂದೀತು! ದೇವರ ದೀಪ ನಿತ್ಯವಲ್ಲದೆ ಮತ್ತೇನು? ಯಾರಿಗೂ ಹೇಳುವ ಅಗತ್ಯ ಕಾಣಲಿಲ್ಲ.

ಸಂಜೆಯ ಪ್ರಾರ್ಥನೆಗೆ ಮನಸ್ಸು ತಾನಾಗಿ ನಿಂತಿತು.

ಮಾರ್ಚ್ ೧೩, ಗುರುವಾರ

ನಾಲ್ಕು ಐವತ್ತಕ್ಕೆ ಎಲ್ಲವೂ ಆರಿಹೋಯಿತು. ನಿನ್ನೆ ಪಾಠ ಬೇಗ ಮುಗಿದಿತ್ತು; ಇಂದು ಐದೂವರೆಯವರೆಗೆ ಇತ್ತು. ಆರಕ್ಕೆ ವಿದ್ಯುತ್ತು ಬರುವಷ್ಟರಲ್ಲಿ ಮೇಲ್ವಿಚಾರಕರ ಕರೆಯೂ ಬಂತು. ಪರೀಕ್ಷೆಯನ್ನು ಬೇರೊಬ್ಬರಿಗೆ ಕೊಡುವರಂತೆ.

ಸೊಸೆ ಊಟಕ್ಕೆ ಏಳಲಿಲ್ಲ. ನನ್ನ ಲೆಕ್ಕ ಸರಿಯಿತ್ತು. ಐದು ಸಲ ತಾಳೆ ನೋಡಿದೆ. ಸರಿಯಿತ್ತು.

ಮಾರ್ಚ್ ೧೪, ಶುಕ್ರವಾರ

ನಡೆದುದನ್ನು ನಡೆದಂತೆ ಬರೆಯುತ್ತೇನೆ.

ಮೀಟರಪ್ಪ ಬೆಳಗ್ಗೆ ಬಂದು ಮುಖ್ಯ ಸ್ವಿಚ್ಚು ಆರಿಸಿ, ಬ್ಯಾಟರಿಯ ಬಳಿ ಕುಳಿತು ಅಳೆದನು. "ನೂರಿಪ್ಪತ್ತೈದು ಇರ್ಬೇಕಾದ್ದು ನೂರೆಂಬತ್ತೈದು ತೋರಿಸ್ತಿದೆ. ಅರವತ್ತು ಎಲ್ಲೋ ಕೂತ್ಕೊಂಡು ತಿಂತಿದೆ. ಯಾರಪ್ಪ ಆ ಕಳ್ಳ?" ಎಂದು ತಂತಿಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ಹೊರಟನು. ಕಪಾಟಿನ ಹಿಂದೆ ನುಸುಳಿ ಗೋಡೆಯ ಮೇಲೇರಿದ ತಂತಿಯೊಂದರ ಜಾಡು ಹಿಡಿದು, ದೇವರ ಗೂಡಿನ ಮುಂದೆ ಬಂದು ನಿಂತನು. ಕೈಯಲ್ಲಿದ್ದ ತಂತಿಯನ್ನು ಮೆಲ್ಲಗೆ ಬಿಟ್ಟನು.

ಕೆಂಪು ಗಾಜನ್ನು ನಾನೇ ತೆಗೆದೆ. ಬಲ್ಬು ಕಣ್ಣು ಕೋರೈಸಿತು. ಹಳೆಯ ಕಾಲದ ಕಾಯುವ ತಂತಿಯ ಬಲ್ಬು; ನೆತ್ತಿಯ ಮೇಲೆ ಸ್ಪಷ್ಟವಾಗಿ ಅಚ್ಚಾಗಿತ್ತು: ಅರವತ್ತು ವ್ಯಾಟು. ಅಷ್ಟೂ ಬೆಳಕನ್ನು ಆ ದಪ್ಪ ಗಾಜು ನುಂಗಿಕೊಂಡು ಕಿಡಿಯಷ್ಟನ್ನೇ ಹೊರಗೆ ಬಿಡುತ್ತಿತ್ತು. ಮನೆಯ ಸಕಲ ವಸ್ತುಗಳ ಬೆನ್ನನ್ನೂ ಭೂತಗನ್ನಡಿ ಹಿಡಿದು ಓದಿದವನು ಇದೊಂದನ್ನು ಓದಲಿಲ್ಲ. ನನ್ನಾಕೆಯ ಪೆಟ್ಟಿಗೆಯಿಂದ ಹೊಸ ಬಲ್ಬು ತೆಗೆದು ಕೂರಿಸುವಾಗ ಪ್ರತಿಸಲವೂ ಕಣ್ಣು ಮುಚ್ಚಿ ಸ್ತೋತ್ರ ಹೇಳಿಕೊಳ್ಳುತ್ತಿದ್ದೆ.

"ಅಪ್ಪ!" ಎಂದನು ಮಗ. ಮುಂದೆ ಹೇಳಲು ಬಾಯಿ ತೆರೆದವನನ್ನು ಸೊಸೆ ಕೈಸನ್ನೆಯಿಂದ ತಡೆದಳು. ಗೂಡಿನ ಮುಂದೆ ಬಂದು, "ಅತ್ತೆ ದೀಪ ಅಲ್ವಾ ಮಾವ? ಇರಲಿ ಬಿಡಿ. ನನಗೇ ಹೇಳಿದ್ರೆ ನನ್ನ ಬಲ್ಬು ಎರಡೂ ಆರಿಸ್ಕೊಂಡು ಕೂತ್ಕೋತಿದ್ದೆ" ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮೀಟರಪ್ಪ ಚೀಲದಿಂದ ಹೆಬ್ಬೆರಳ ಗಾತ್ರದ ಹೊಸ ಬಗೆಯ ಬಲ್ಬೊಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟನು. "ಅರ್ಧ ವ್ಯಾಟು ಯಜಮಾನ್ರೇ. ಹೊರಗಿಂದ ನೋಡಿದ್ರೆ ಅದೇ ಕೆಂಪು." ನನಗೆ ಹಾಕಲು ಮನಸ್ಸಾಗಲಿಲ್ಲ, ಅದು ಆಕೆ ಆರಿಸಿದ ಬೆಳಕಲ್ಲ. ಮೇಜಿನ ಸೆಳೆಖಾನೆಯಲ್ಲಿಟ್ಟೆ. ಕೆಂಪು ದೀಪದ ಪ್ಲಗ್ಗನ್ನು ಕಿತ್ತೆ. ಮತ್ತೆ ಮೇಣದ ಬತ್ತಿ.

ಆಮೇಲೆ ಮೇಲ್ವಿಚಾರಕರಿಗೆ ನಾನೇ ಫೋನು ಮಾಡಿದೆ. ತಪ್ಪು ಟೈಪು ಮಾಡುವವರದಲ್ಲ, ತಂತ್ರಜ್ಞಾನದ್ದೂ ಅಲ್ಲ, ಈ ಮುದುಕನದೆಂದು ಆದ್ಯಂತ ವಿವರಿಸಿದೆ. ನಿತ್ಯ ನೈಮಿತ್ತಿಕಗಳ ಭೇದವನ್ನೂ ಹೇಳಿದೆನೆಂದು ಕಾಣುತ್ತದೆ. ಅವರು ಕೊನೆಯವರೆಗೂ ಕೇಳಿಸಿಕೊಂಡು, "ಸರ್, ವಿದ್ಯಾರ್ಥಿನಿ ಕೂಡ ಬೇರೆಯವರನ್ನ ಒಪ್ತಿಲ್ಲ. ಇನ್ನು ಐದು ದಿನ ಒಂದ್ ಸಲಾನೂ ಕಡಿಯದೆ ನಡೆಸಿ ತೋರಿಸಿ, ನೋಡೋಣ" ಎಂದರು.

ಮಾರ್ಚ್ ೧೯, ಬುಧವಾರ

ಐದು ದಿನ! ಐದನ್ನೂ ಒಂದು ಮಿಣುಕಿಲ್ಲದೆ ದಾಟಿದೆವು! ಮೇಲ್ವಿಚಾರಕರು ಒಪ್ಪಿದ್ದಾರೆ. ನಾಳೆ ಮೂರರಿಂದ ಐದರವರೆಗೆ ಪರೀಕ್ಷೆ. ವಿದ್ಯಾರ್ಥಿನಿ ತನ್ನ ವಿಷಯದ ಕಠಿಣ ಪದಗಳನ್ನು ನಾಲ್ಕು ಹಾಳೆಗಳಲ್ಲಿ ಬರೆದು ಕಳಿಸಿದ್ದಾಳೆ. ಸೊಸೆ ಅವನ್ನು ಗೋಡೆಗೆ ಅಂಟಿಸಿದ್ದಾಳೆ. ನನಗಂತೂ ನಾನೇ ಪರೀಕ್ಷೆಗೆ ಕೂರುವಷ್ಟು ಸಡಗರ.

ಇದನ್ನು ಬರೆಯುತ್ತಿರುವುದು ಮೇಣದ ಬತ್ತಿಯ ಬೆಳಕಿನಲ್ಲಿ. ಆರೂಮುಕ್ಕಾಲಾಯಿತು, ವಿದ್ಯುತ್ತಿನ್ನೂ ಬಂದಿಲ್ಲ.

ಮಾರ್ಚ್ ೨೦, ಗುರುವಾರ

ಆನಂದವೋ ಆನಂದ! ಕ್ರಮವಾಗಿ ಬರೆಯಲು ಯತ್ನಿಸುತ್ತೇನೆ.

ಅಗೆಯುವವರು ನಿನ್ನೆ ತಪ್ಪು ತಂತಿಯನ್ನು ಕಡಿದರಂತೆ. ವಿದ್ಯುತ್ತು ಬಂದದ್ದು ಇಂದು ಬೆಳಗ್ಗೆ ಹನ್ನೊಂದೂವರೆಗೆ. ಎರಡಕ್ಕೆ ಮತ್ತೆ ಹೋಗುವುದು ಖಚಿತ. ಬರಿದಾದ ಬ್ಯಾಟರಿಗೆ ಸಿಕ್ಕಿದ್ದು ಎರಡೂವರೆ ಗಂಟೆಯ ಆಹಾರ. ಮೀಟರಪ್ಪ ಅಳೆದು ತಲೆಯಾಡಿಸಿದನು: "ಎರಡು ಗಂಟೆ ಓಡುತ್ತೆ. ಆಮೇಲಿನ ಒಂದ್ ನಿಮಿಷಕ್ಕೂ ನಾನು ಗ್ಯಾರಂಟಿ ಅಲ್ಲ."

ಮೂರರವರೆಗೆ ಎಲ್ಲವನ್ನೂ ಆರಿಸಿಟ್ಟರೂ ಎರಡೇ ಗಂಟೆ, ಪರೀಕ್ಷೆಯೂ ಎರಡು ಗಂಟೆ. ಪರೀಕ್ಷಕರೆಂಬವರು ಹೊತ್ತಿಗೆ ಸರಿಯಾಗಿ ಮಾತು ನಿಲ್ಲಿಸಿದ್ದನ್ನು ನಾನೆಂದೂ ಕಂಡವನಲ್ಲ. ಏನನ್ನು ಕಳೆಯಬಹುದೆಂದು ಪಟ್ಟಿಯನ್ನು ನೋಡಿದೆ. ಡಬ್ಬಿ ಬೇಕು, ರೂಟರು ಬೇಕು, ಗಣಕ ಬೇಕು, ಪರದೆ ಬೇಕು. ಉಳಿದದ್ದು ಬಲ್ಬು ಎರಡು, ಹದಿನೆಂಟು ವ್ಯಾಟು. ಕಳೆದರೆ ಇಪ್ಪತ್ತು ನಿಮಿಷಕ್ಕೂ ಮೇಲೆ ಸಿಗುತ್ತದೆ!

"ಬಲ್ಬು ಆರಿಸ್ಬಿಡೋಣ" ಎಂದೆ.

"ಬೆರಳಿಗೆ ಬೆಳಕು ಬೇಡ ಮಾವ. ಆದ್ರೆ ಗೋಡೆ ಮೇಲಿನ ಪದಗಳು? ಕಾಣದಿದ್ರೆ ನಾನು ಏನೇನೋ ಹೊಡೀತೀನಿ."

ಆಗ ಹೊಳೆಯಿತು. ಮುದ್ರಣಾಲಯದಲ್ಲಿ ನಾವು ಇಬ್ಬಿಬ್ಬರಾಗಿ ಕೂರುತ್ತಿದ್ದೆವು. ಒಬ್ಬ ಮೂಲಪ್ರತಿಯನ್ನು ಗಟ್ಟಿಯಾಗಿ ಓದುವನು, ಇನ್ನೊಬ್ಬ ಕರಡಿನ ಮೇಲೆ ಕಣ್ಣಿಡುವನು. ನಾಲ್ಕು ಹಾಳೆಗಳನ್ನೂ ಗೋಡೆಯಿಂದ ಕಿತ್ತೆ. ಗೂಡಿನ ಮುಂದೆ ಉರಿಯುತ್ತಿದ್ದ ಮೇಣದ ಬತ್ತಿಯನ್ನು ತಂದು ಆಕೆಯ ಮೇಜಿನ ತುದಿಯಲ್ಲಿ ಊರಿ, ಮಗ್ಗುಲಲ್ಲಿ ಕುರ್ಚಿ ಹಾಕಿ ಕುಳಿತೆ. ಆಕೆ ಒಂದು ಕಿವಿಯ ಹೆಡ್‌ಫೋನನ್ನು ಸರಿಸಿ, ಆ ಕಿವಿಯನ್ನು ನನ್ನ ದನಿಗೆ ಬಿಟ್ಟುಕೊಟ್ಟಳು.

ಮೂರು ಗಂಟೆ. ಶುರುವಾಯಿತು! ಆಕೆಯ ಬೆರಳುಗಳನ್ನು ಇಷ್ಟು ಹತ್ತಿರದಿಂದ ನಾನೆಂದೂ ನೋಡಿರಲಿಲ್ಲ. ಜಲಪಾತ! ಕಠಿಣ ಪದ ಬಂದೊಡನೆ ಎಡಗಣ್ಣು ನನ್ನ ಕಡೆ ಹೊರಳುವುದು, ಪರದೆಯ ಮೇಲೆ ಹರಿಯುವ ಮಾತಿನ ಎಳೆಯಿಂದಲೇ ಪದವನ್ನು ಊಹಿಸಿ ನಾನು ಮೆಲ್ಲಗೆ ಓದುವೆನು: "ಕವಕಜಾಲ... ಬೀಜಕಕೋಶ... ಶಿಲಾಕ್ಷಯ..." ಪರದೆಯ ಒಂದು ಮೂಲೆಯಲ್ಲಿ ಆ ವಿದ್ಯಾರ್ಥಿನಿಯ ಮುಖ. ಪ್ರಶ್ನೆಯ ಕೊನೆಯ ಪದ ಮುಟ್ಟುವ ಮೊದಲೇ ಅವಳ ಹುಬ್ಬು ಮೇಲೇರಿ, ಉತ್ತರಕ್ಕೆ ಕೈಗಳು ಸಿದ್ಧವಾಗುತ್ತಿದ್ದವು. ಅವಳು ಕೈಸನ್ನೆಯಲ್ಲಿ ಹೇಳಿದ್ದನ್ನು ಪಕ್ಕದಲ್ಲಿ ಕುಳಿತವರೊಬ್ಬರು ಪರೀಕ್ಷಕರಿಗೆ ಮಾತಾಗಿಸುವರು. ನಮ್ಮ ಮನೆಯ ಕತ್ತಲ ಕೋಣೆಯಿಂದ ಹೊರಟ ಅಕ್ಷರ ಅಲ್ಲಿ ಒಂದು ಮುಖವನ್ನು ಬೆಳಗುತ್ತಿತ್ತು.

ಸಾಲಿನಲ್ಲಿ ಒಂದೆರಡು ಕಡೆ ಒತ್ತಕ್ಷರ ಬಿಟ್ಟುಹೋಯಿತು. ಮುಂದಿನ ಪದ ಓದುವ ಅವಸರದಲ್ಲಿದ್ದೆ.

ನಾಲ್ಕು ಐವತ್ತಕ್ಕೆ ಇನ್ವರ್ಟರು ಕೂಗತೊಡಗಿತು. ಮೀಟರಪ್ಪ ಬ್ಯಾಟರಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತು, "ಸುಮ್ನಿರೋ, ಸುಮ್ನಿರು ರಾಜ, ಇನ್ನೊಂಚೂರು" ಎಂದು ಅದನ್ನು ಮಗುವಿನಂತೆ ಸಂತೈಸುತ್ತಿದ್ದನು. ಐದಾಯಿತು. ಹಿರಿಯ ಪರೀಕ್ಷಕರು ಗಂಟಲು ಸರಿಪಡಿಸಿಕೊಂಡು, "ಕೊನೆಯದಾಗಿ ಮೂರು ಪ್ರಶ್ನೆಗಳು" ಎಂದರು. ಮೂರು! ಮಗ ಆಸ್ಪತ್ರೆಯಿಂದ ಆಗಷ್ಟೇ ಬಂದು ಬಾಗಿಲಲ್ಲಿ ಚಪ್ಪಲಿಯನ್ನೂ ಬಿಡದೆ ನಿಂತಿದ್ದನು. ಐದು ಹತ್ತು. ಐದು ಹದಿನೈದು. "ಓದಿ ಮಾವ, ಓದಿ!" "ಸಹಜೀವನ, ಮಗಳೇ, ಸಹಜೀವನ!" ಐದು ಹದಿನೆಂಟಕ್ಕೆ ಆ ಹಿರಿಯರು ಎದ್ದು ನಿಂತು ಆ ಹುಡುಗಿಗೆ ಕೈ ನೀಡಿದರು. "ಅಭಿನಂದನೆಗಳು, ಡಾಕ್ಟರ್." ಆ ಮಾತು ಪರದೆಯ ಮೇಲೆ ಹರಿದುಹೋಯಿತು. ಅವಳು ಅದನ್ನು ಓದಿ, ಕ್ಯಾಮೆರಾದ ಕಡೆಗೆ, ಎಂದರೆ ನಮ್ಮ ಕಡೆಗೆ ತಿರುಗಿ, ಎರಡೂ ಕೈಗಳನ್ನು ಎದೆಗೊತ್ತಿಕೊಂಡಳು.

ಐದು ಇಪ್ಪತ್ತೊಂದಕ್ಕೆ ಎಲ್ಲವೂ ಆರಿತು.

ಮೇಣದ ಬತ್ತಿಯೊಂದರ ಬೆಳಕಿನಲ್ಲಿ ನಾಲ್ವರೂ ಒಟ್ಟಿಗೆ ಮಾತನಾಡಿದೆವು. ಯಾರು ಏನು ಹೇಳಿದರೆಂಬುದು ನೆನಪಿಲ್ಲ. ಆರಕ್ಕೆ ವಿದ್ಯುತ್ತು ಬಂತು. ಏಳರವರೆಗೂ ನಗುತ್ತಲೇ ಇದ್ದೆವು. ಇಷ್ಟನ್ನು ಬರೆದ ಮೇಲೆ ಹೊಳೆಯುತ್ತಿದೆ: ಸಂಜೆಯ ಪ್ರಾರ್ಥನೆಗೆ ನಾನು ಕುಳಿತೇ ಇಲ್ಲ.

ಮಾರ್ಚ್ ೨೨, ಶನಿವಾರ

ಬೆಳಗ್ಗೆ ಸೆಳೆಖಾನೆಯಿಂದ ಆ ಚಿಕ್ಕ ಬಲ್ಬನ್ನು ತೆಗೆದು, ಕಣ್ಣು ತೆರೆದುಕೊಂಡೇ ಕೆಂಪು ಗಾಜಿನೊಳಗೆ ಕೂರಿಸಿ, ಪ್ಲಗ್ಗನ್ನು ಮತ್ತೆ ಬ್ಯಾಟರಿಯ ಹಲಗೆಗೆ ಸೇರಿಸಿದೆ. ಹೊರಗಿನಿಂದ ಅದೇ ಕೆಂಪು. ಗಾಜು ಮುಟ್ಟಿದರೆ ಈಗ ತಣ್ಣಗಿದೆ.

ಮಧ್ಯಾಹ್ನ ಮೀಟರಪ್ಪನಿಗೆ ಇನ್ನೊಂದು ಪ್ರತಿ ಬೇಕಾಯಿತು. ಬ್ಯಾಟರಿಯ ಪೆಟ್ಟಿಗೆಗೆ ಅಂಟಿಸಿದ ಮೂಲ ಪಟ್ಟಿಯ ಮುಂದೆ ಕುಳಿತೆ. ನಿತ್ಯದ ಸಾಲಿನಲ್ಲಿ, ಡಬ್ಬಿ ರೂಟರುಗಳಿಗಿಂತಲೂ ಮೇಲೆ, ಬೇರೊಂದು ಶಾಯಿಯಲ್ಲಿ ಅವಸರದ ಅಕ್ಷರಗಳಿದ್ದವು: ಅತೆಯ ದೀಪ, ಅರ್ದ ವ್ಯಾಟು. ಒಟ್ಟು ಮೊತ್ತವನ್ನೂ ನೂರಿಪ್ಪತ್ತೈದೂವರೆ ಎಂದು ತಿದ್ದಲಾಗಿತ್ತು.

ಆ ಒಂದು ಸಾಲಿನಲ್ಲಿ ಎರಡು ಕಾಗುಣಿತದ ತಪ್ಪುಗಳಿವೆ. ಪ್ರತಿಯಲ್ಲಿಯೂ ಹಾಗೆಯೇ ಬರೆದುಕೊಂಡೆ.